ಜಪಾನಿನ ನೈಸರ್ಗಿಕ ಸಾಣೆಕಲ್ಲು: ಅಷ್ಟೇನೂ ಗಟ್ಟಿಯಲ್ಲದ ಕಲ್ಲು ಯಾಕೆ ಬೇಕು?

ಜಪಾನಿನ ಕಮ್ಮಾರರು ಮಾಡಿದ ಒಳ್ಳೆಯ ಅಡುಗೆ ಚಾಕುವೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಅಲಗಿನ ಅಂಚಿನ ಉದ್ದಕ್ಕೂ ಒಂದು ತೆಳು ಪಟ್ಟಿ ಹೊಳೆಯುತ್ತದೆ. ಅದರ ಮೇಲಿನ ಭಾಗ ಹೊಳೆಯುವುದಿಲ್ಲ. ಅದು ಬೂದು ಬಣ್ಣಕ್ಕೆ, ಮಬ್ಬಾಗಿ, ಮಂಜು ಕವಿದ ಹಾಗಿರುತ್ತದೆ. ಎರಡರ ನಡುವೆ ಸ್ವಲ್ಪ ಅಂಕುಡೊಂಕಾದ ಒಂದು ಗೆರೆ. ಈ ಎರಡು ಬಣ್ಣ ಬರಿಸಲು ಯಾರೂ ಏನನ್ನೂ ಹಚ್ಚಿಲ್ಲ. ಒಂದೇ ಕಲ್ಲಿನ ಮೇಲೆ ಒಟ್ಟಿಗೆ ಉಜ್ಜಿದಾಗ ಒಂದು ಭಾಗ ಹೊಳೆಯಿತು, ಇನ್ನೊಂದು ಮಬ್ಬಾಯಿತು.

ಒಂದೇ ಕಲ್ಲು ಒಂದೇ ಹೊತ್ತಿಗೆ ಎರಡು ತರದ ಮೆರುಗು ಕೊಡುವುದು ಹೇಗೆ? ಇದು ಅರ್ಥವಾದರೆ ಈ ಕಲ್ಲುಗಳ ಬಗ್ಗೆ ಮುಖ್ಯವಾದದ್ದೆಲ್ಲ ಅರ್ಥವಾದ ಹಾಗೆ. ಅವು ಯಾಕೆ ನಿಧಾನ, ಯಾವ ಚಾಕುವಿಗೆ ಆಗಿಬರುತ್ತವೆ, ಯಾವುದಕ್ಕೆ ಸುಮ್ನೆ ದುಡ್ಡು ದಂಡ, ಎಲ್ಲಕ್ಕೂ ಇದೊಂದೇ ಎಳೆ ಹಿಡಿದು ಉತ್ತರ ಹುಡುಕಬಹುದು.

ಮೊದಲು ಚಾಕುವನ್ನೇ ನೋಡೋಣ. ಮೀನನ್ನು ತೆಳುವಾಗಿ ಹೋಳು ಮಾಡುವ ಯಾನಗಿಬಾ, ಮೀನು ಸೀಳುವ ದಪ್ಪನೆಯ ದೆಬಾ, ತರಕಾರಿಯ ಉಸುಬಾ. ಈ ಸಾಂಪ್ರದಾಯಿಕ ಚಾಕುಗಳಲ್ಲಿ ಹೆಚ್ಚಿನವು ಎರಡು ಲೋಹ ಬೆಸೆದು ಮಾಡಿದವು. ಕತ್ತರಿಸುವ ಅಂಚಿಗೆ ಗಟ್ಟಿ ಉಕ್ಕು, ಅದನ್ನು ಹಗಾನೆ ಎನ್ನುತ್ತಾರೆ. ಅದಕ್ಕೆ ಬೆನ್ನಾಗಿ ಮೆತ್ತನೆಯ ಕಬ್ಬಿಣ, ಅದು ಜಿಗಾನೆ. ಉಕ್ಕು ಗಟ್ಟಿಯಾದಷ್ಟೂ ಹರಿತ ಜಾಸ್ತಿ ಹೊತ್ತು ನಿಲ್ಲುತ್ತದೆ, ಆದರೆ ಅಷ್ಟೇ ಬೇಗ ಚೂರಾಗುತ್ತದೆ, ಮಸೆಯುವುದೂ ಕಷ್ಟ. ಮೆತ್ತನೆಯ ಕಬ್ಬಿಣ ಬೆನ್ನಿಗಿದ್ದರೆ ಚಾಕು ಪೆಟ್ಟು ತಡೆಯುತ್ತದೆ. ಮಸೆಯುವಾಗ ಸವೆಯಬೇಕಾದ ಗಟ್ಟಿ ಲೋಹವೂ ಕಡಿಮೆಯಾಗುತ್ತದೆ. ಉಕ್ಕು ಹೆಚ್ಚಾಗಿ ಶಿಮಾನೆ ಪ್ರಾಂತದ ಯಾಸುಗಿ ಊರಿನದು. ಶಿರೊಗಾಮಿ ಎಂಬ ಬಿಳಿ ಕಾಗದದ ಉಕ್ಕಿನಲ್ಲಿ ಶೇಕಡಾ 1ರ ಆಸುಪಾಸು ಇಂಗಾಲ ಬಿಟ್ಟರೆ ಬೇರೆ ಬೆರಕೆ ಬಹಳ ಕಡಿಮೆ. ಅವೊಗಾಮಿ ಎಂಬ ನೀಲಿ ಕಾಗದದ ಉಕ್ಕಿಗೆ ಸ್ವಲ್ಪ ಕ್ರೋಮಿಯಂ, ಟಂಗ್‌ಸ್ಟನ್ ಸೇರಿಸಿರುತ್ತಾರೆ. ಬಿಳಿ, ನೀಲಿ ಎನ್ನುವುದು ಉಕ್ಕಿಗೆ ಸುತ್ತಿಡುವ ಕಾಗದದ ಬಣ್ಣದಿಂದ ಬಂದ ಗುರುತು ಅಷ್ಟೇ.

ಗಟ್ಟಿತನದ ಲೆಕ್ಕ

ಈಗ ಸ್ವಲ್ಪ ಅಂಕಿ ನೋಡಬೇಕು. ಲೋಹ ಮತ್ತು ಖನಿಜಗಳ ಗಟ್ಟಿತನ ಅಳೆಯಲು ವಿಕರ್ಸ್ ಎಂಬ ಒಂದು ಅಳತೆ ಇದೆ. ಚಾಕುವಿನ ಬೆನ್ನಿನ ಮೆತ್ತನೆಯ ಕಬ್ಬಿಣ ಅದರಲ್ಲಿ 150ರ ಆಸುಪಾಸು ಬರುತ್ತದೆ. ಹದ ಕೊಟ್ಟು ಗಟ್ಟಿ ಮಾಡಿದ ಅಂಚಿನ ಉಕ್ಕು ಸುಮಾರು 750. ನೈಸರ್ಗಿಕ ಸಾಣೆಕಲ್ಲಿನಲ್ಲಿ ಲೋಹವನ್ನು ಸವೆಸುವ ಕೆಲಸ ಮಾಡುವುದು ಬೆಣಚುಕಲ್ಲಿನ ಕಣ, ಅಂದರೆ ಕ್ವಾರ್ಟ್ಜ್. ಅದು ಸುಮಾರು 1000. ಕಾರ್ಖಾನೆಯಲ್ಲಿ ಮಾಡಿದ ಸಾಣೆಕಲ್ಲುಗಳಲ್ಲಿ ಇರುವುದು ಅಲ್ಯುಮಿನಾ ಅಥವಾ ಸಿಲಿಕಾನ್ ಕಾರ್ಬೈಡ್. ಮೊದಲನೆಯದು ಸುಮಾರು 2000, ಎರಡನೆಯದು 2500ರ ಹತ್ತಿರ.

ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕಾರ್ಖಾನೆ ಕಲ್ಲಿನ ಕಣಕ್ಕೆ ಮೆತ್ತನೆಯ ಕಬ್ಬಿಣವೂ ಒಂದೇ, ಗಟ್ಟಿ ಉಕ್ಕೂ ಹೆಚ್ಚುಕಡಿಮೆ ಒಂದೇ. ಎರಡನ್ನೂ ಅದು ಸಲೀಸಾಗಿ ಗೀರುತ್ತದೆ. ಆದ್ದರಿಂದ ಎರಡರ ಮೇಲೂ ಒಂದೇ ತರದ ನೇರ ಗೀರು ಬೀಳುತ್ತವೆ, ಎರಡೂ ಒಂದೇ ತರ ಹೊಳೆಯುತ್ತವೆ. ಬೆಣಚಿನ ಕಣದ ಕತೆ ಹಾಗಲ್ಲ. ಅದು ಉಕ್ಕಿಗಿಂತ ಸ್ವಲ್ಪವೇ ಗಟ್ಟಿ. ಉಕ್ಕಿನ ಮೇಲೆ ಅದಕ್ಕೆ ಆಳವಾಗಿ ಇಳಿಯಲು ಆಗುವುದಿಲ್ಲ. ಮೇಲ್ಮೇಲೆ ಸಣ್ಣಗೆ ಕೆರೆಯುತ್ತದೆ, ಅಷ್ಟೇ. ಗೀರು ಆಳವಿಲ್ಲದ ಕಾರಣ ಉಕ್ಕು ಹೊಳೆಯುತ್ತದೆ. ಪಕ್ಕದ ಕಬ್ಬಿಣ ಅದಕ್ಕೆ ಬಹಳ ಮೆತ್ತಗೆ. ಅಲ್ಲಿ ಉರುಳುವ ಒಂದೊಂದು ಕಣವೂ ಕಣ್ಣಿಗೆ ಕಾಣದ ಕುಳಿ ಬೀಳಿಸುತ್ತದೆ. ಅಂಥ ಕುಳಿಗಳ ಮೇಲೆ ಬಿದ್ದ ಬೆಳಕು ದಿಕ್ಕುದಿಕ್ಕಿಗೆ ಚದುರುತ್ತದೆ. ಅದೇ ನಮಗೆ ಕಾಣುವ ಮಂಜು. ಈ ಮೆರುಗಿಗೆ ಜಪಾನಿನಲ್ಲಿ ಕಾಸುಮಿ ಎನ್ನುತ್ತಾರೆ.

ಅಂದರೆ ಈ ಕಲ್ಲಿನ ಹೆಚ್ಚುಗಾರಿಕೆ ಇರುವುದೇ ಅದರ ಗಟ್ಟಿತನ ಸಾಲದೆ ಬರುವುದರಲ್ಲಿ. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣ ಇದೆ. ನೈಸರ್ಗಿಕ ಕಲ್ಲು ಎಂದ ಕೂಡಲೇ ಜನ ಅದನ್ನು ಎಲ್ಲದಕ್ಕಿಂತ ಜೋರಾಗಿ, ಬೇಗ ಮಸೆಯುವ ಕಲ್ಲು ಎಂದುಕೊಳ್ಳುತ್ತಾರೆ. ಬೇಗ ಮಸೆಯುವುದೇ ಬೇಕಾದರೆ ಕಾರ್ಖಾನೆ ಕಲ್ಲಿಗೆ ಸಾಟಿಯಿಲ್ಲ.

ಸಮುದ್ರದ ತಳದಿಂದ ಕ್ಯೋಟೊ ಬೆಟ್ಟಕ್ಕೆ

ಜಪಾನಿನಲ್ಲಿ ಸಾಣೆಕಲ್ಲು ಸಿಗುವ ಜಾಗ ಹಲವು. ಒರಟು ಕೆಲಸದ ಮರಳುಗಲ್ಲು, ಮಧ್ಯಮ ಕೆಲಸಕ್ಕೆ ಕುಮಾಮೊಟೊ ಪ್ರಾಂತದ ಅಮಾಕುಸಾ, ಎಹಿಮೆ ಪ್ರಾಂತದ ಇಯೊ, ಐಚಿ ಪ್ರಾಂತದ ಮಿಕಾವಾ ಎಂದು ಪಟ್ಟಿ ಉದ್ದವಿದೆ. ಆದರೆ ಕೊನೆಯ ಮೆರುಗು ಕೊಡುವ ಅತಿ ನಯವಾದ ಕಲ್ಲು ಎಂದರೆ ಎಲ್ಲರೂ ಬೊಟ್ಟು ಮಾಡುವುದು ಕ್ಯೋಟೊ ಕಡೆಗೆ. ಅವಕ್ಕೆ ಅವಾಸೆದೊ ಎಂದು ಹೆಸರು. ಊರಿನ ಪಶ್ಚಿಮ ಮತ್ತು ವಾಯವ್ಯಕ್ಕಿರುವ ಬೆಟ್ಟಗಳಲ್ಲಿ, ನಾರುತಾಕಿ, ಉಮೆಗಹತಾ, ಅತಾಗೊ ಸುತ್ತಮುತ್ತ ಮತ್ತು ಅಲ್ಲಿಂದ ಆಚೆ ಕಮೆಓಕದ ಕಡೆಗೆ ಈ ಗಣಿಗಳು ಹರಡಿದ್ದವು. ನಾಕಯಾಮಾ, ಓಹಿರಾ, ಓಜುಕು, ಶಿಂದೆನ್ ಇವೆಲ್ಲ ಗಣಿಗಳ ಹೆಸರು. ಕಲ್ಲು ಕೊಳ್ಳುವವರ ಬಾಯಲ್ಲಿ ಇವು ಮಾವಿನ ತಳಿಗಳ ಹೆಸರಿನಷ್ಟು ಸಲೀಸಾಗಿ ಓಡಾಡುತ್ತವೆ.

ಆ ಬೆಟ್ಟಗಳಲ್ಲೇ ಯಾಕೆ? ಇದಕ್ಕೆ ಭೂವಿಜ್ಞಾನಿಗಳು ಕೊಡುವ ಉತ್ತರ ನನಗೆ ಬಹಳ ಇಷ್ಟ.

ಆ ಬಂಡೆ ಹುಟ್ಟಿದ್ದು ಜಪಾನಿನಲ್ಲೇ ಅಲ್ಲ. ಸುಮಾರು 25 ಕೋಟಿ ವರ್ಷಗಳ ಹಿಂದೆ, ಯಾವ ದಡದಿಂದಲೂ ಬಹಳ ದೂರದ ಆಳ ಸಮುದ್ರದ ತಳದಲ್ಲಿ ಅದು ಕೂಡಿಕೊಂಡಿತು. ಅಷ್ಟು ದೂರಕ್ಕೆ ಯಾವ ನದಿಯ ಮರಳೂ ಹೋಗಲಾರದು. ಹೋಗಬಹುದಾದದ್ದು ಗಾಳಿ ಹೊತ್ತೊಯ್ಯುವ ಧೂಳು ಮಾತ್ರ, ಅದರಲ್ಲೂ ಅತಿ ಸಣ್ಣದು. ದಪ್ಪ ಕಣಗಳೆಲ್ಲ ದಾರಿಯಲ್ಲೇ ಉದುರಿಬಿಡುತ್ತವೆ. ಹೀಗೆ ಸಾವಿರಾರು ಮೈಲಿಯ ಗಾಳಿಯೇ ಜರಡಿ ಹಿಡಿದ ಧೂಳು ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರಿನಂತೆ ತಳದಲ್ಲಿ ಕೂತಿತು. ಕಲ್ಲಿನ ಕಣ ಇಷ್ಟು ಸಣ್ಣದಾಗಿ, ಇಷ್ಟು ಸಮನಾಗಿ ಇರುವುದಕ್ಕೆ ಇದೇ ಕಾರಣ.

ಇನ್ನೊಂದು ಸಂಗತಿಯೂ ಸೇರಿತು. ಮಾಮೂಲಿಯಾಗಿ ಅಂಥ ಸಮುದ್ರದ ತಳದಲ್ಲಿ ರೇಡಿಯೊಲೇರಿಯಾ ಎಂಬ ಅತಿ ಚಿಕ್ಕ ಜೀವಿಗಳ ಚಿಪ್ಪು ರಾಶಿ ಬೀಳುತ್ತದೆ. ಆ ಚಿಪ್ಪು ಸಿಲಿಕಾದ್ದು. ಅದು ಗಟ್ಟಿಯಾದರೆ ಚರ್ಟ್ ಎಂಬ ಬಂಡೆಯಾಗುತ್ತದೆ. ಚರ್ಟ್ ಎಷ್ಟು ಬಿಗಿ ಎಂದರೆ ಅದರಿಂದ ಕಣ ಬಿಡಿಬಿಡಿಯಾಗಿ ಏಳುವುದೇ ಇಲ್ಲ, ಸಾಣೆಗೆ ಅಷ್ಟು ಒದಗುವುದಿಲ್ಲ. ಆದರೆ 25.2 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗ ಮುಗಿದು ಟ್ರಯಾಸಿಕ್ ಶುರುವಾಗುವ ಹೊತ್ತಿಗೆ, ಭೂಮಿಯ ಮೇಲೆ ಇದುವರೆಗಿನ ಅತಿ ದೊಡ್ಡ ಜೀವಿನಾಶ ನಡೆಯಿತು. ಸಮುದ್ರದ ಜೀವಿಗಳಲ್ಲಿ ಬಹುಪಾಲು ಅಳಿದುಹೋದವು. ಚಿಪ್ಪಿನ ಮಳೆ ನಿಂತಿತು. ಲಕ್ಷಾಂತರ ವರ್ಷ ತಳಕ್ಕೆ ಬಿದ್ದದ್ದು ಹೆಚ್ಚಾಗಿ ಜೇಡಿ ಮತ್ತು ಬೆಣಚಿನ ಧೂಳು. ಆ ಪದರವೇ ಮುಂದೆ ಸಾಣೆಕಲ್ಲಾಯಿತು. ಜಪಾನಿನ ಭೂವಿಜ್ಞಾನದಲ್ಲಿ ಆ ಕಾಲದ ಈ ಬಂಡೆಗೆ ತೋಇಶಿ ಮಾದರಿಯ ಜೇಡಿಬಂಡೆ ಎಂದೇ ಹೆಸರಿದೆ. ತೋಇಶಿ ಎಂದರೆ ಸಾಣೆಕಲ್ಲು. ಆ ಮಹಾನಾಶದ ನಂತರದ ಸಮುದ್ರ ಹೇಗಿತ್ತು ಎಂದು ತಿಳಿಯಲು ವಿಜ್ಞಾನಿಗಳು ಓದುವ ಪದರ, ಅಡುಗೆಯವರು ಚಾಕು ಮಸೆಯುವ ಪದರ, ಎರಡೂ ಒಂದೇ ಬಗೆಯ ಬಂಡೆ!

ಮುಂದೆ ಸಮುದ್ರದ ತಳ ಮೆಲ್ಲಗೆ ಸರಿಯುತ್ತಾ ಬಂದು ಜುರಾಸಿಕ್ ಕಾಲದಲ್ಲಿ ಏಷ್ಯಾದ ಅಂಚಿಗೆ ಒತ್ತಿಕೊಂಡಿತು. ಒತ್ತಡಕ್ಕೆ ಪದರಗಳು ಮಡಚಿದವು, ತುಂಡಾದವು, ಓರೆಯಾದವು. ಆದ್ದರಿಂದಲೇ ಒಳ್ಳೆಯ ಪದರ ಅಲ್ಲಲ್ಲಿ ತೆಳುವಾಗಿ, ಬಿರುಕುಗಳ ನಡುವೆ ಸಿಗುತ್ತದೆ. ಸುರಂಗ ಕೊರೆದು ತೆಗೆದ ಕಲ್ಲಿನಲ್ಲಿ ದೊಡ್ಡ ಪಾಲು ಬಿಸಾಕಬೇಕಾಗುತ್ತದೆ. 1890ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಆಚೆಸನ್ ಸಿಲಿಕಾನ್ ಕಾರ್ಬೈಡ್ ತಯಾರಿಸುವ ದಾರಿ ಕಂಡುಕೊಂಡ ಮೇಲೆ ಕಾರ್ಖಾನೆ ಕಲ್ಲಿನ ಕಾಲ ಶುರುವಾಯಿತು. ಅಗ್ಗದ, ಒಂದೇ ಗುಣಮಟ್ಟದ ಕಲ್ಲು ಸಿಗತೊಡಗಿದಾಗ ಬೆಟ್ಟ ಕೊರೆಯುವುದು ಗಿಟ್ಟಲಿಲ್ಲ. ಕ್ಯೋಟೊ ಸುತ್ತಲಿನ ಗಣಿಗಳಲ್ಲಿ ಹೆಚ್ಚಿನವು 20ನೇ ಶತಮಾನದಲ್ಲಿ ಮುಚ್ಚಿಹೋದವು. ಈಗ ಮಾರಾಟಕ್ಕೆ ಬರುವುದರಲ್ಲಿ ಬಹಳಷ್ಟು ಹಿಂದೆ ತೆಗೆದಿಟ್ಟ ಕಲ್ಲೇ. ಬೆಲೆ ಏರಿರುವುದು ಇದರಿಂದ.

ಕೆಸರಿನ ಕೆಲಸ

ಗಂಧದ ಕೊರಡನ್ನು ಕಲ್ಲಿನ ಮೇಲೆ ತೇಯುವುದನ್ನು ನೋಡಿದವರಿಗೆ ಮುಂದಿನ ಮಾತು ಸುಲಭ. ಅಲ್ಲಿ ಸವೆಯುವುದು ಕೊರಡು, ಕಲ್ಲು ಹಾಗೇ ಇರುತ್ತದೆ. ಇಲ್ಲಿ ಚಾಕುವೂ ಸವೆಯುತ್ತದೆ, ಕಲ್ಲೂ ಸವೆಯುತ್ತದೆ. ಕಲ್ಲಿನಿಂದ ಎದ್ದ ಕಣ ನೀರಿನೊಂದಿಗೆ ಸೇರಿ ನುಣ್ಣನೆಯ ಕೆಸರಾಗುತ್ತದೆ. ಮಂಜಿನ ಮೆರುಗು ಬರುವುದು ಕಲ್ಲಿನ ಮೈಯಿಂದ ಎನ್ನುವುದಕ್ಕಿಂತ ಈ ಕೆಸರಿನಿಂದ. ಕಲ್ಲಿಗೆ ಅಂಟಿಕೊಂಡಿರುವ ಕಣ ನೇರ ಗೀರು ಎಳೆಯುತ್ತದೆ. ಬಿಡಿಯಾಗಿ ಉರುಳುವ ಕಣ ಕುಳಿ ಬೀಳಿಸುತ್ತದೆ. ಕಬ್ಬಿಣದ ಮೇಲೆ ಗೆರೆ ಕಾಣದ ಸಮನಾದ ಮಬ್ಬು ಬೇಕು ಎಂದರೆ ಕೆಸರು ಬೇಕೇ ಬೇಕು.

ಮೆತ್ತನೆಯ ಕಲ್ಲು, ಅಂದರೆ ಕಣಗಳು ಸಡಿಲವಾಗಿ ಕೂತದ್ದು, ಚಾಕು ಉಜ್ಜಿದರೆ ತಾನಾಗಿ ಕೆಸರು ಬಿಡುತ್ತದೆ. ಗಟ್ಟಿ ಕಲ್ಲು ಬಿಡುವುದಿಲ್ಲ. ಅಂಥದ್ದಕ್ಕೆ ನಾಗುರಾ ಎಂಬ ಸಣ್ಣ ಕಲ್ಲಿನ ತುಂಡಿನಿಂದ ಮೊದಲು ಉಜ್ಜಿ ಕೆಸರು ಎಬ್ಬಿಸಬೇಕು. ಅದೇ ಬಗೆಯ ಕಲ್ಲಿನ ತುಂಡಾದರೆ ತೊಮೊನಾಗುರಾ. ಈಗ ಹಲವರು ವಜ್ರದ ಪುಡಿ ಕೂರಿಸಿದ ತಟ್ಟೆಯಿಂದ ಎಬ್ಬಿಸುತ್ತಾರೆ. ಅದು ಬೇಗ ಆಗುತ್ತದೆ, ಕಲ್ಲಿನ ಮೈಯೂ ಮಟ್ಟಸವಾಗುತ್ತದೆ. ಆದರೆ ಅದು ಕಲ್ಲನ್ನು ಜಾಸ್ತಿ ತಿನ್ನುತ್ತದೆ, ಮೈಯಲ್ಲಿ ಗೀರನ್ನೂ ಉಳಿಸುತ್ತದೆ. ಬೆಲೆಬಾಳುವ ಕಲ್ಲಿಗೆ ನಾಗುರಾ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಉಜ್ಜುತ್ತಾ ಹೋದಂತೆ ಕೆಸರು ಕಪ್ಪಾಗುತ್ತದೆ. ಅದು ಚಾಕುವಿನ ಲೋಹ. ಕಪ್ಪಾಯಿತೆಂದು ತೊಳೆದುಬಿಡುವುದು ಹೊಸಬರ ಅಭ್ಯಾಸ. ಹಾಗೆ ಮಾಡಬೇಡಿ. ಹಳೆಯ ಕೆಸರು ಹೊಸದಕ್ಕಿಂತ ನಯವಾಗಿ ಕೆಲಸ ಮಾಡುತ್ತದೆ. ಒಣಗುತ್ತಾ ಬಂದರೆ ಬೆರಳ ತುದಿಯಿಂದ ಒಂದೆರಡು ಹನಿ ನೀರು ಚಿಮುಕಿಸಿ, ಸಾಕು. ಕೊನೆಗೆ ಕೆಸರು ಮಂದವಾಗಿ, ಚಾಕು ಕಲ್ಲನ್ನು ಹಿಡಿದು ಎಳೆದ ಹಾಗೆ ಅನಿಸುವ ಹೊತ್ತಿಗೆ ಮೆರುಗು ಒಳ್ಳೆಯದಾಗಿ ಬಂದಿರುತ್ತದೆ.

ನೀರಿನ ಬಗ್ಗೆ ಇನ್ನೊಂದು ಮಾತು. ಕಾರ್ಖಾನೆ ಕಲ್ಲುಗಳಲ್ಲಿ ಕೆಲವನ್ನು ನೀರಿನಲ್ಲಿ ನೆನೆಹಾಕಬೇಕು. ಅವಾಸೆದೊ ಕಲ್ಲನ್ನು ನೆನೆಹಾಕಬಾರದು. ಅದು ಪದರ ಪದರವಾಗಿ ಕೂಡಿದ ಜೇಡಿಬಂಡೆ ಅಲ್ವಾ? ಪದರದ ಸಂದಿಗೆ ನೀರು ಇಳಿದರೆ ಒಂದು ದಿನ ಕಲ್ಲು ಬಾಯಿ ಬಿಡುತ್ತದೆ.

ಮಸೆಯುವ ಕ್ರಮ

ನೈಸರ್ಗಿಕ ಕಲ್ಲು ಕೊನೆಯ ಹಂತದ್ದು. ಮೊಂಡಾದ ಚಾಕುವನ್ನು ನೇರ ಅದರ ಮೇಲೆ ಉಜ್ಜಿದರೆ ಸಂಜೆಯಾದರೂ ಹರಿತ ಬರುವುದಿಲ್ಲ. ಕಲ್ಲು ಸವೆಯುವುದೇ ಲಾಭ.

ಮೊದಲ ಕೆಲಸ ಕಾರ್ಖಾನೆಯ 1000 ನಂಬರಿನ ಕಲ್ಲಿನ ಮೇಲೆ. ಜಪಾನಿನ ಅಳತೆಯಲ್ಲಿ 1000 ಎಂದರೆ ಕಣ ಸುಮಾರು 11.5 ಮೈಕ್ರಾನ್, 3000 ಎಂದರೆ 4 ಮೈಕ್ರಾನ್, 8000 ಎಂದರೆ 1.2 ಮೈಕ್ರಾನ್. ನೈಸರ್ಗಿಕ ಕಲ್ಲಿಗೆ ಹೀಗೆ ನಂಬರು ಇರುವುದಿಲ್ಲ. ಮಾರುವವರು ಅಂದಾಜಿಗೆ ಒಂದು ನಂಬರು ಹೇಳಿದರೆ ಅದನ್ನು ಅಂದಾಜು ಎಂದೇ ತಿಳಿಯಬೇಕು.

ಗ್ಯೂತೊ, ಸಾಂತೊಕುಗಳಂಥ ಎರಡೂ ಬದಿ ಇಳಿಜಾರಿರುವ ಚಾಕುವಾದರೆ ಪ್ರತಿ ಬದಿಗೆ ಸುಮಾರು 15 ಡಿಗ್ರಿ ಕೋನ ಸಾಕು. ಡಿಗ್ರಿ ಅಳೆಯುವುದು ಹೇಗೆ ಎಂದು ಕಂಗೆಡಬೇಡಿ. ಅಲಗು 45 ಮಿಲಿಮೀಟರ್ ಅಗಲ ಇದ್ದರೆ, ಬೆನ್ನು ಕಲ್ಲಿನಿಂದ ಸುಮಾರು 12 ಮಿಲಿಮೀಟರ್ ಮೇಲೆ ಇರಬೇಕು, ಅಷ್ಟೇ. ಒಂದು ಬದಿಯನ್ನು ಹಿಂದೆಮುಂದೆ ಉಜ್ಜುತ್ತಾ ಹೋದರೆ ಅಂಚಿನ ಲೋಹ ತಂತಿಯ ಹಾಗೆ ಇನ್ನೊಂದು ಬದಿಗೆ ಬಾಗುತ್ತದೆ. ವರ್ಕ್‌ಶಾಪಿನವರು ಬರ್ ಎನ್ನುವುದು ಇದನ್ನೇ. ಕಣ್ಣಿಗೆ ಸರಿಯಾಗಿ ಕಾಣದು. ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಆಚೆಗೆ ಮೆಲ್ಲಗೆ ಜಾರಿಸಿದರೆ ತಡೆದ ಹಾಗೆ ಅನಿಸುತ್ತದೆ. ಹಿಡಿಯ ಬುಡದಿಂದ ತುದಿಯ ತನಕ ಎಲ್ಲ ಕಡೆ ಬರ್ ಬಂದ ಮೇಲೆಯೇ ಬದಿ ಬದಲಿಸಬೇಕು. ಎಲ್ಲಿ ಬಂದಿಲ್ಲವೋ ಅಲ್ಲಿ ಕಲ್ಲು ಅಂಚನ್ನು ಮುಟ್ಟಿಯೇ ಇಲ್ಲ. ಆಮೇಲೆ ಒತ್ತಡ ಕಡಿಮೆ ಮಾಡುತ್ತಾ, ಬದಿ ಬದಲಿಸುತ್ತಾ ಬರ್ ತೆಗೆಯಬೇಕು. ಹರಿತ ಎನ್ನುವುದು ಮುಕ್ಕಾಲು ಪಾಲು ಇಲ್ಲೇ ತೀರ್ಮಾನವಾಗುತ್ತದೆ. 1000 ನಂಬರಿನಲ್ಲಿ ಕಾಗದ ಸಲೀಸಾಗಿ ಸೀಳದ ಚಾಕುವನ್ನು ಯಾವ ನಾಕಯಾಮಾ ಕಲ್ಲೂ ಉದ್ಧಾರ ಮಾಡಲಾರದು.

ನಂತರ 3000 ಅಥವಾ 5000 ನಂಬರಿನ ಕಲ್ಲು. ಆಮೇಲೆ ನೈಸರ್ಗಿಕ ಕಲ್ಲಿಗೆ ಬರುವುದು. ಇಲ್ಲಿ ಕೈ ಬಹಳ ಹಗುರ ಇರಬೇಕು. ಅಂಚನ್ನು ಕೆಲವು ಸಲ ಹಿಂದಕ್ಕೆ ಎಳೆದರೆ ಸಾಕು.

ಒಂದೇ ಬದಿ ಇಳಿಜಾರಿರುವ ಯಾನಗಿಬಾದಂಥ ಚಾಕುವಿನ ಕೆಲಸ ಬೇರೆ. ಅದರ ಮುಂಬದಿಯಲ್ಲಿ ಅಗಲವಾದ ಇಳಿಜಾರು ಮೈ ಇರುತ್ತದೆ, ಮೇಲೆ ಶಿನೊಗಿ ಎಂಬ ಏಣು. ಇಲ್ಲಿ ಕೋನ ಅಂದಾಜು ಮಾಡುವುದೇ ಬೇಡ. ಆ ಇಡೀ ಮೈಯನ್ನು ಕಲ್ಲಿಗೆ ಚಪ್ಪಟೆಯಾಗಿ ಕೂರಿಸಿ ಉಜ್ಜಬೇಕು. ಹಿಂಬದಿ ಸ್ವಲ್ಪ ತಗ್ಗಾಗಿರುತ್ತದೆ. ಅದನ್ನು ಕಲ್ಲಿಗೆ ಪೂರ್ತಿ ಮಲಗಿಸಿ ಬರ್ ತೆಗೆಯುವಷ್ಟು ಮಾತ್ರ ಎಳೆಯಬೇಕು. ಹಿಂಬದಿಯನ್ನು ಜಾಸ್ತಿ ಉಜ್ಜಿದರೆ ಆ ತಗ್ಗು ಮಾಯವಾಗುತ್ತದೆ, ಚಾಕುವಿನ ಆಯುಸ್ಸೇ ಕಡಿಮೆಯಾಗುತ್ತದೆ.

ಮಂಜಿನ ಮೆರುಗು ಬರುವುದು ಈ ಅಗಲ ಮೈಯ ಮೇಲೆ. ಗಟ್ಟಿ ಉಕ್ಕು, ಮೆತ್ತನೆಯ ಕಬ್ಬಿಣ ಎರಡೂ ಒಟ್ಟಿಗೆ ಕಲ್ಲನ್ನು ಮುಟ್ಟುವುದು ಇಲ್ಲೇ. ಗ್ಯೂತೊದಂಥ ಚಾಕುವಿನಲ್ಲಿ ಕಲ್ಲು ಮುಟ್ಟುವುದು ಕೂದಲೆಳೆ ಅಗಲದ ಅಂಚನ್ನು ಮಾತ್ರ. ಅಲ್ಲಿ ಉಕ್ಕು ಬಿಟ್ಟು ಬೇರೇನೂ ಇಲ್ಲ, ಹಾಗಾಗಿ ಮಂಜಿಗೆ ಜಾಗವೇ ಇಲ್ಲ.

ಮೆರುಗು ಕೊಡುವ ಕೆಲಸದಲ್ಲಿ ನಿಜವಾಗಿ ಬೆವರು ಇಳಿಸುವುದು ಕಲ್ಲಿನ ಆಯ್ಕೆ ಅಲ್ಲ, ಮೈಯನ್ನು ಮಟ್ಟಸ ಮಾಡುವುದು. ಅಂಗಡಿಯಿಂದ ಬಂದ ಚಾಕುವಿನ ಇಳಿಜಾರು ಮೈ ಕಣ್ಣಿಗೆ ನಯವಾಗಿ ಕಂಡರೂ ಅದರಲ್ಲಿ ತಗ್ಗುದಿಣ್ಣೆ ಇರುತ್ತದೆ. ತಿರುಗುವ ದೊಡ್ಡ ಚಕ್ರದ ಮೇಲೆ ಕೈಯಲ್ಲಿ ಹಿಡಿದು ಸವೆಸಿದ್ದು, ಅಷ್ಟು ಇದ್ದೇ ಇರುತ್ತದೆ. ನೈಸರ್ಗಿಕ ಕಲ್ಲಿನ ಮೇಲೆ ನಾಲ್ಕು ಸಲ ಎಳೆದು ನೋಡಿದರೆ ದಿಣ್ಣೆಗಳು ಮಾತ್ರ ಮಬ್ಬಾಗಿ, ತಗ್ಗುಗಳು ಹಳೆಯ ಹೊಳಪಿನಲ್ಲೇ ಉಳಿಯುತ್ತವೆ. ಆಗ ಮತ್ತೆ ಒರಟು ಕಲ್ಲಿಗೆ ಹೋಗಿ ಇಡೀ ಮೈ ಒಂದೇ ಮಟ್ಟಕ್ಕೆ ಬರುವ ತನಕ ಸವೆಸಬೇಕು. ಒಂದು ನಂಬರಿನ ಗೀರು ಪೂರ್ತಿ ಹೋಗದೆ ಮುಂದಿನ ನಂಬರಿಗೆ ಹೋಗಬಾರದು. 1000 ನಂಬರಿನ ಒಂದು ಆಳದ ಗೀರು ಉಳಿದಿದ್ದರೆ ಮೆತ್ತನೆಯ ಕಬ್ಬಿಣದ ಮೇಲೆ ಅದು ಕೊನೆಯ ತನಕ ಎದ್ದು ಕಾಣುತ್ತದೆ. ಇದೇ ಈ ಕೆಲಸದ ಅತಿ ಬೇಸರದ ಭಾಗ, ಅತಿ ಮುಖ್ಯವಾದ ಭಾಗವೂ ಹೌದು. ಚೆನ್ನಾಗಿ ಮೆರುಗು ಬಂದ ಚಾಕು ನೋಡಿ ಕಲ್ಲನ್ನು ಹೊಗಳುವವರು ಈ ಗಂಟೆಗಳ ದುಡಿಮೆಯನ್ನು ಮರೆಯುತ್ತಾರೆ.

ಮೈ ಅಲ್ಲಲ್ಲಿ ಸ್ವಲ್ಪ ತಗ್ಗಿದ್ದರೆ ಇನ್ನೊಂದು ದಾರಿ ಇದೆ, ಬೆರಳುಕಲ್ಲು. ಮೆತ್ತನೆಯ ಅವಾಸೆದೊ ಕಲ್ಲನ್ನು ಬಹಳ ತೆಳುವಾಗಿ ಸೀಳಿ, ಹಿಂದೆ ಜಪಾನಿ ಕಾಗದ ಅಂಟಿಸಿ ಮಾಡಿದ ಸಣ್ಣ ಬಿಲ್ಲೆ ಅದು. ಕತ್ತಿಗೆ ಮೆರುಗು ಕೊಡುವವರಿಂದ ಬಂದ ವಿದ್ಯೆ ಇದು. ಸಮುರಾಯ್ ಕತ್ತಿಗಳಿಗೆ ಉಚಿಗುಮೊರಿ ಎಂಬ ಬಗೆಯ ಕಲ್ಲಿನಿಂದ ಇಂಥ ಬಿಲ್ಲೆ ಮಾಡುತ್ತಾರೆ. ಬಿಲ್ಲೆ ಬೆರಳಿನಡಿ ಬಾಗುವುದರಿಂದ ತಗ್ಗಿನ ಒಳಗೂ ಇಳಿಯುತ್ತದೆ. ಕೆಸರಿನೊಂದಿಗೆ ಮೆಲ್ಲಗೆ ತಿಕ್ಕಿದರೆ ದೊಡ್ಡ ಕಲ್ಲು ಮುಟ್ಟದ ಜಾಗವೂ ಸಮನಾಗಿ ಮಬ್ಬಾಗುತ್ತದೆ. ಬೆರಳು ಅಂಚಿನ ಕಡೆಗೆ ಜಾರದ ಹಾಗೆ ಮಾತ್ರ ಎಚ್ಚರ ಬೇಕು.

ಇಂಗಾಲದ ಉಕ್ಕು ನೀರಿಗೆ ಬೇಗ ತುಕ್ಕು ಹಿಡಿಯುತ್ತದೆ. ಹೊಸದಾಗಿ ಮೆರುಗು ಕೊಟ್ಟ ಮೈ ಇನ್ನೂ ಬೇಗ. ಕೆಲಸ ಮುಗಿದ ಕೂಡಲೇ ತೊಳೆದು, ಬಿಸಿ ನೀರು ಹರಿಸಿ, ಒಣ ಬಟ್ಟೆಯಲ್ಲಿ ಒರೆಸಿಬಿಡಿ.

ಯಾವ ಚಾಕುವಿಗೆ ಬೇಡ

ಗಟ್ಟಿತನದ ಲೆಕ್ಕಕ್ಕೆ ಮತ್ತೆ ಬರೋಣ. ಈಗಿನ ಕೆಲವು ದುಬಾರಿ ಚಾಕುಗಳನ್ನು ಪುಡಿಯಿಂದ ಮಾಡಿದ ಸ್ಟೇನ್‌ಲೆಸ್ ಉಕ್ಕಿನಲ್ಲಿ ಮಾಡುತ್ತಾರೆ. ಅದರೊಳಗೆ ವನೇಡಿಯಂ, ಕ್ರೋಮಿಯಂ ಕಾರ್ಬೈಡಿನ ಸಣ್ಣ ಹರಳುಗಳು ತುಂಬಿರುತ್ತವೆ. ವನೇಡಿಯಂ ಕಾರ್ಬೈಡ್ ವಿಕರ್ಸ್ ಅಳತೆಯಲ್ಲಿ 2500ರ ಮೇಲೆ. 1000ದ ಬೆಣಚು ಅದನ್ನು ಕೆರೆಯುವುದು ಹೇಗೆ? ಹರಳಿನ ಸುತ್ತಲಿನ ಉಕ್ಕು ಮಾತ್ರ ಸವೆಯುತ್ತದೆ, ಹರಳು ಹಾಗೇ ಉಳಿಯುತ್ತದೆ. ಎಷ್ಟು ಉಜ್ಜಿದರೂ ಕಲ್ಲು ಜಾರುತ್ತದೆ ಅನಿಸುತ್ತದೆ. ಅಂಥ ಚಾಕುವಿಗೆ ಕಾರ್ಖಾನೆ ಕಲ್ಲು ಅಥವಾ ವಜ್ರದ ಕಲ್ಲೇ ಸರಿ.

ನಮ್ಮ ಮನೆಗಳಲ್ಲಿ ಇರುವ ಮಾಮೂಲಿ ಸ್ಟೇನ್‌ಲೆಸ್ ಚಾಕುವಿಗೂ ಇದು ಬೇಡ. ಕಾರಣ ಬೇರೆ. ಆ ಉಕ್ಕು ಅಷ್ಟು ಗಟ್ಟಿಯಿಲ್ಲ, ನಯವಾದ ಅಂಚು ಅದರಲ್ಲಿ ಬಹಳ ದಿನ ನಿಲ್ಲುವುದಿಲ್ಲ. 1000 ನಂಬರಿನ ಒಂದು ಕಾರ್ಖಾನೆ ಕಲ್ಲಿನಲ್ಲಿ ಆಗಾಗ ಮಸೆದರೆ ಟೊಮೆಟೊ ಹಣ್ಣು ಬೆಣ್ಣೆಯ ಹಾಗೆ ಕತ್ತರಿಸುತ್ತದೆ.

ನೈಸರ್ಗಿಕ ಕಲ್ಲಿನಲ್ಲಿ ಮಸೆದ ಅಂಚು ಜಾಸ್ತಿ ದಿನ ಹರಿತ ಉಳಿಯುತ್ತದೆ, ಮೀನಿನ ರುಚಿ ಕೆಡುವುದಿಲ್ಲ ಎಂಬ ಮಾತು ಕೇಳಿಬರುತ್ತದೆ. ಅಂಚಿನ ಮಟ್ಟಿಗೆ ವ್ಯತ್ಯಾಸ ಇದ್ದರೂ ಅದು ಸಣ್ಣದು, ಕೈ ಪಳಗಿದವರೂ ಅದರ ಬಗ್ಗೆ ಒಪ್ಪದೆ ವಾದ ಮಾಡುತ್ತಾರೆ. ಒಳ್ಳೆಯ ಕಾರ್ಖಾನೆ ಕಲ್ಲಿನಲ್ಲಿ ಅಷ್ಟೇ ಹರಿತ ತರಬಹುದು. ಬರೀ ಹರಿತಕ್ಕಾಗಿ ಈ ಕಲ್ಲಿಗೆ ಇಷ್ಟು ದುಡ್ಡು ಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮೆರುಗಿನ ವಿಷಯದಲ್ಲಿ ಮಾತ್ರ ವ್ಯತ್ಯಾಸ ಯಾರ ಕಣ್ಣಿಗೂ ಕಾಣುವಂಥದ್ದು. ಚಾಕು ಕಮ್ಮಾರ ಎರಡು ಲೋಹ ಬೆಸೆದ ಗೆರೆಯನ್ನು ಅಷ್ಟು ಚೆನ್ನಾಗಿ ಎತ್ತಿ ತೋರಿಸುವ ಕಲ್ಲು ಇನ್ನೊಂದಿಲ್ಲ. ಆ ಗೆರೆ ನೋಡಬೇಕೆಂಬ ಆಸೆ ಇದ್ದರೆ ಕೊಳ್ಳಿ.

ಕಲ್ಲು ಕೊಳ್ಳುವಾಗ, ಇಟ್ಟುಕೊಳ್ಳುವಾಗ

ಕೊಳ್ಳುವವರನ್ನು ಮೊದಲು ಗಲಿಬಿಲಿ ಮಾಡುವುದು ಹೆಸರುಗಳು. ಗಣಿಯ ಹೆಸರು, ಪದರದ ಹೆಸರು, ಬಣ್ಣದ ಹೆಸರು, ಮೈಮೇಲಿನ ಚಿತ್ತಾರದ ಹೆಸರು. ಹಳದಿ ಬಣ್ಣದ್ದು ಕೀಇತಾ, ತಿಳಿ ನೀಲಿಬೂದು ಬಣ್ಣದ್ದು ಅಸಾಗಿ, ಸಣ್ಣ ಸಣ್ಣ ತೂತಿರುವ ಪದರದ್ದು ಸುಇತಾ, ಕಪ್ಪು ಮಚ್ಚೆಯದ್ದು ಕರಾಸು. ಚಿತ್ತಾರಕ್ಕೆ ಬೆಲೆ ಏರುತ್ತದೆ, ಆದರೆ ಚಿತ್ತಾರ ಚಾಕು ಮಸೆಯುವುದಿಲ್ಲ. ಹಳೆಯ ಗಣಿಗಳ ಮುದ್ರೆಯನ್ನು ಬೇರೆ ಕಲ್ಲಿಗೆ ಒತ್ತಿ ಮಾರುವುದೂ ಉಂಟು. ಹೆಸರಿಗಿಂತ ಮೂರು ಪ್ರಶ್ನೆ ಕೇಳುವುದು ಮೇಲು. ಕಲ್ಲು ಎಷ್ಟು ಗಟ್ಟಿ? ಮೈಮೇಲೆ ಚಾಕುವಿಗೆ ಗೀರು ಬೀಳಿಸುವ ಗೆರೆ ಇದೆಯೇ? ನನ್ನ ಚಾಕುವಿನ ಮೇಲೆ ಹೇಗೆ ಕೆಲಸ ಮಾಡುತ್ತದೆ? ಬಿಗಿಯಾಗಿ ಹಾಯ್ದ ಒಂದು ಸಣ್ಣ ಗೆರೆಯಲ್ಲಿ ಒರಟು ಕಣ ಸೇರಿಕೊಂಡಿದ್ದರೆ ಎಷ್ಟು ದೊಡ್ಡ ಹೆಸರಿದ್ದರೂ ಆ ಕಲ್ಲು ಮೆರುಗಿಗೆ ಬಾರದು. ಬೆರಳಿನ ಉಗುರನ್ನು ಒದ್ದೆ ಕಲ್ಲಿನ ಮೇಲೆ ಮೆಲ್ಲಗೆ ಎಳೆದರೆ ಅಂಥ ಗೆರೆ ತಡೆದು ಗೊತ್ತಾಗುತ್ತದೆ.

ತೀರ ಗಟ್ಟಿ ಕಲ್ಲು ಕ್ಷೌರದ ಕತ್ತಿಗೆ ಒಳ್ಳೆಯದು. ಅಡುಗೆ ಚಾಕುವಿನ ಮೈಗೆ ಮೆರುಗು ಬೇಕಾದರೆ ಸ್ವಲ್ಪ ಮೆತ್ತನೆಯದು, ಧಾರಾಳವಾಗಿ ಕೆಸರು ಬಿಡುವಂಥದ್ದು ಬೇಕು. ಮೊದಲ ಕಲ್ಲಾಗಿ ನಾಲ್ಕು ಮೂಲೆ ಸರಿಯಾಗಿ ಕತ್ತರಿಸಿದ ದುಬಾರಿ ಕಲ್ಲು ಬೇಡ. ಅಂಕುಡೊಂಕಾದ ತುಂಡುಗಳನ್ನು ಕೊಪ್ಪಾ ಎಂದು ಬಹಳ ಅಗ್ಗಕ್ಕೆ ಮಾರುತ್ತಾರೆ. ಅದೇ ಗಣಿಯ ಅದೇ ಕಲ್ಲು, ಆಕಾರ ಮಾತ್ರ ಸೊಟ್ಟ. ಅವಕಾಶ ಇದ್ದವರು ಕಮೆಓಕದಲ್ಲಿ ನೈಸರ್ಗಿಕ ಸಾಣೆಕಲ್ಲುಗಳಿಗೆಂದೇ ಇರುವ ವಸ್ತುಸಂಗ್ರಹಾಲಯಕ್ಕೆ ಹೋಗಿ ನೋಡಬಹುದು.

ಮನೆಗೆ ತಂದ ಮೇಲೆ ಮೊದಲು ಮಾಡಬೇಕಾದದ್ದು ಬದಿ ಮತ್ತು ತಳಕ್ಕೆ ಬಣ್ಣ ಬಳಿಯುವುದು. ನೀರು ಪದರಗಳ ಸಂದಿಗೆ ಇಳಿಯದಿರಲಿ ಎಂದು. ಜಪಾನಿನಲ್ಲಿ ಇದಕ್ಕೆ ಉರುಶಿ ಎಂಬ ಮರದ ಅಂಟುರಸ ಹಚ್ಚುತ್ತಿದ್ದರು. ಈಗ ಹಲವರು ಬಳಸುವುದು ಕಾಶೂ ಎಂಬ ಬಣ್ಣ. ಅದನ್ನು ತಯಾರಿಸುವುದು ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ. ನಮ್ಮ ಕರಾವಳಿಯ ಗೇರುಬೀಜ ಕಾರ್ಖಾನೆಗಳಲ್ಲಿ ಕೈಗೆ ತಾಗಿದರೆ ಸುಡುವ ಅದೇ ಎಣ್ಣೆ. ಎರಡೂ ಸಿಗದಿದ್ದರೆ ನೀರು ತಡೆಯುವ ಸಾಮಾನ್ಯ ವಾರ್ನಿಷ್ ಎರಡು ಸಲ ಬಳಿದರೂ ನಡೆಯುತ್ತದೆ. ಮೇಲ್ಮೈಗೆ ಮಾತ್ರ ತಾಗಿಸಬೇಡಿ.

ಕಲ್ಲನ್ನು ಮಟ್ಟಸ ಮಾಡುವಾಗ ಯಾವಾಗಲೂ ನೀರು ಹಾಕಿಯೇ ಉಜ್ಜಿ. ಒಣ ಕಲ್ಲಿನಿಂದ ಏಳುವ ಧೂಳು ಸಿಲಿಕಾದ್ದು. ಅದು ಉಸಿರಿನ ಜೊತೆ ಹೋದರೆ ಶ್ವಾಸಕೋಶ ಕೆಡುತ್ತದೆ, ಕಲ್ಲು ಗಣಿಯ ಕೆಲಸಗಾರರನ್ನು ಕಾಡುವ ಸಿಲಿಕೋಸಿಸ್ ಕಾಯಿಲೆ ಬರುವುದೇ ಇದರಿಂದ. ಕೆಲಸ ಆದ ಮೇಲೆ ಕಲ್ಲನ್ನು ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಬಿರುಕು ಬಿಡಬಹುದು.

ಮನೆಯ ಬಳಕೆಯಲ್ಲಿ ಒಂದು ಕಲ್ಲು ಸವೆದು ಮುಗಿಯಲು ಬಹಳ ವರ್ಷ ಬೇಕು. ತೆಳುವಾದ ಮೇಲೆ ಮರದ ಹಲಗೆಗೆ ಅಂಟಿಸಿದರೆ ಒಡೆಯುವ ಭಯವಿಲ್ಲದೆ ಕೊನೆಯ ಕೆಲವು ಮಿಲಿಮೀಟರ್ ತನಕ ಬಳಸಬಹುದು. ಮೂಲೆ ಮುರಿದರೆ ಆ ತುಂಡನ್ನು ಎಸೆಯಬೇಡಿ. ಆ ಕಲ್ಲಿನ ಕೆಸರು ಎಬ್ಬಿಸಲು ಅದಕ್ಕಿಂತ ಒಳ್ಳೆಯ ನಾಗುರಾ ಅಂಗಡಿಯಲ್ಲಿ ಸಿಗುವುದಿಲ್ಲ.